ರಕ್ತದ ಡಯಾಲಿಸಿಸ್, ಹೊಟ್ಟೆ ಡಯಾಲಿಸಿಸ್: ಮಂಗಳೂರು, ಉಡುಪಿಯ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಕಿಡ್ನಿ ಕೆಟ್ಟಾಗ ಅದರ ಬದಲು ರಕ್ತದ ಕಲ್ಮಶ ತೆಗೆಯುವ ಚಿಕಿತ್ಸೆಯೇ ಡಯಾಲಿಸಿಸ್. ಡಾಕ್ಟರು "ಇನ್ನು ಡಯಾಲಿಸಿಸ್ ಬೇಕಾಗುತ್ತದೆ" ಎಂದ ದಿನ ಮನೆಯವರು ಕೇಳುವುದು ಜೀವಕ್ಕೆ ಅಪಾಯವಿದೆಯಾ ಎಂದು. ದಿನ ಹೇಗೆ ಕಳೆಯುತ್ತದೆ, ಕೆಲಸ ಏನಾಗುತ್ತದೆ, ಮೀನು ತಿನ್ನಬಹುದಾ, ಮದುವೆಗೆ ಹೋಗಬಹುದಾ ಎಂಬುದೆಲ್ಲ ಮನೆಗೆ ಬಂದ ಮೇಲೆ ಒಂದೊಂದಾಗಿ ಏಳುತ್ತದೆ. ಅಂಥ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ನಿಮ್ಮ ರಿಪೋರ್ಟು ನೋಡಿದ ನೆಫ್ರಾಲಜಿಸ್ಟ್ (ಕಿಡ್ನಿ ತಜ್ಞರು) ಹೇಳಿದ್ದೇ ಅಂತಿಮ. ಅವರ ಮುಂದೆ ಕೂತಾಗ ಏನು ಕೇಳಬೇಕೆಂದು ನಿಮಗೆ ಗೊತ್ತಿರಲಿ ಎಂದು ಇದನ್ನು ಬರೆದಿದ್ದೇನೆ.

ಡಯಾಲಿಸಿಸ್ ಅಂದರೆ ಮೆಷಿನ್ ಒಂದೇ ಅಲ್ಲವಾ? ಬೇರೆ ದಾರಿಯೂ ಇದೆಯಾ?

ಇದೆ. ಮೆಷಿನ್‌ನಲ್ಲಿ ಮಾಡುವುದು ಹಿಮೋಡಯಾಲಿಸಿಸ್. ಕೈಯ ಫಿಸ್ಟುಲಾಕ್ಕೆ (ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳಕ್ಕೆ) ಎರಡು ಸೂಜಿ ಚುಚ್ಚಿ, ರಕ್ತವನ್ನು ಡಯಲೈಸರ್ ಎಂಬ ಫಿಲ್ಟರ್ ಮೂಲಕ ಹಾಯಿಸಿ ಮತ್ತೆ ಮೈಗೆ ಬಿಡುತ್ತಾರೆ. ಒಂದು ಸಲಕ್ಕೆ ಸುಮಾರು 4 ಗಂಟೆ, ವಾರಕ್ಕೆ 2 ಅಥವಾ 3 ಸಲ, ಆಸ್ಪತ್ರೆಯಲ್ಲಿ.

ಇನ್ನೊಂದು ಪೆರಿಟೋನಿಯಲ್ ಡಯಾಲಿಸಿಸ್. ನಮ್ಮ ಕಡೆ ಹೊಟ್ಟೆ ಡಯಾಲಿಸಿಸ್ ಎಂದೇ ಹೇಳುತ್ತಾರೆ. ಹೊಕ್ಕುಳಿನ ಪಕ್ಕದಲ್ಲಿ ಮೆತ್ತಗಿನ ಟ್ಯೂಬ್ ಒಂದನ್ನು ಕೂರಿಸುತ್ತಾರೆ. ಅದರ ಮೂಲಕ ಸುಮಾರು 2 ಲೀಟರ್ ದ್ರಾವಣ ಒಳಗೆ ಹೋಗಿ, 4ರಿಂದ 6 ಗಂಟೆ ಅಲ್ಲೇ ನಿಂತು, ಕಲ್ಮಶವನ್ನೂ ಹೆಚ್ಚುವರಿ ನೀರನ್ನೂ ಎಳೆದುಕೊಂಡು ಹೊರಗೆ ಬರುತ್ತದೆ. ಇಲ್ಲಿ ಫಿಲ್ಟರ್ ಕೆಲಸ ಮಾಡುವುದು ಹೊಟ್ಟೆಯೊಳಗಿನ ಪೊರೆ. ದಿನಕ್ಕೆ 3-4 ಸಲ ಕೈಯಲ್ಲೇ ಬ್ಯಾಗ್ ಬದಲಿಸಿದರೆ ಅದು ಸಿಎಪಿಡಿ. ರಾತ್ರಿ ನಿದ್ದೆ ಮಾಡುವಾಗ ಸಣ್ಣ ಮೆಷಿನ್ ಬದಲಿಸಿಕೊಟ್ಟರೆ ಎಪಿಡಿ.

ಎರಡರಲ್ಲಿ ಯಾವುದರಲ್ಲಿ ಜೀವನ ಚೆನ್ನಾಗಿರುತ್ತದೆ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಒಂದು ಹೆಸರು ಹೇಳಿ ಮುಗಿಸಲು ಆಗುವುದಿಲ್ಲ.

ಸಂಶೋಧಕರು ಇದನ್ನು ಅಳೆಯಲು ಹೆಚ್ಚಾಗಿ ಬಳಸುವುದು ಕೆಡಿಕ್ಯೂಒಎಲ್-36 ಎಂಬ 36 ಪ್ರಶ್ನೆಗಳ ಪಟ್ಟಿ. ರಕ್ತದಲ್ಲಿ ಸೇರುವ ಕಲ್ಮಶವಾದ ಕ್ರಿಯಾಟಿನಿನ್ ಎಷ್ಟು ಎಂದು ಅದು ಕೇಳುವುದಿಲ್ಲ. ಸ್ನಾಯು ಸೆಳೆತ, ತುರಿಕೆ, ನೀರಿನ ಮಿತಿ, ಪ್ರಯಾಣ, ಲೈಂಗಿಕ ಜೀವನ, ಮನೆಯವರಿಗೆ ಹೊರೆಯಾಗಿದ್ದೇನೆ ಎಂಬ ಭಾವನೆ, ಇಂಥದ್ದನ್ನು ಕೇಳುತ್ತದೆ. ಹಲವು ಅಧ್ಯಯನಗಳಲ್ಲಿ ಹೊಟ್ಟೆ ಡಯಾಲಿಸಿಸ್‌ನವರು ಸ್ವಾತಂತ್ರ್ಯ ಮತ್ತು ಚಿಕಿತ್ಸೆಯ ಬಗ್ಗೆ ಸಮಾಧಾನದಲ್ಲಿ ಸ್ವಲ್ಪ ಮುಂದಿರುವುದು ಕಾಣುತ್ತದೆ. ಆದರೆ ಆ ವಿಧಾನ ಆಯ್ದುಕೊಂಡವರಲ್ಲಿ ವಯಸ್ಸು ಕಡಿಮೆ ಇರುವವರು, ಬೇರೆ ಕಾಯಿಲೆ ಕಡಿಮೆ ಇರುವವರು ಹೆಚ್ಚಿರುವುದುಂಟು. ಆದ್ದರಿಂದ ಇಡೀ ಶ್ರೇಯಸ್ಸನ್ನು ವಿಧಾನಕ್ಕೇ ಕೊಡುವ ಹಾಗಿಲ್ಲ.

ನೆದರ್ಲೆಂಡ್ಸ್‌ನ ವೈದ್ಯರು ಇದನ್ನು ಖಚಿತಪಡಿಸಿಕೊಳ್ಳಲು ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಲು ಹೊರಟರು. 2003ರಲ್ಲಿ ಪ್ರಕಟವಾದ ಆ ಅಧ್ಯಯನಕ್ಕೆ ಒಪ್ಪಿದವರು 38 ಮಂದಿ ಮಾತ್ರ. ಎರಡನ್ನೂ ವಿವರಿಸಿ ಹೇಳಿದ ಮೇಲೆ 700ಕ್ಕೂ ಹೆಚ್ಚು ಮಂದಿ "ನಾವೇ ಆರಿಸಿಕೊಳ್ಳುತ್ತೇವೆ" ಎಂದರು. ನಮ್ಮಲ್ಲಿ ಎಷ್ಟೋ ಜನರಿಗೆ ಆರಿಸಿಕೊಳ್ಳಲು ಇನ್ನೊಂದಿದೆ ಎಂಬುದೇ ತಿಳಿದಿರುವುದಿಲ್ಲ. ಏದುಸಿರು ಬಿಡುತ್ತಾ ಕ್ಯಾಶುವಾಲ್ಟಿಗೆ ಬರುತ್ತಾರೆ, ಆ ರಾತ್ರಿಯೇ ಕುತ್ತಿಗೆಗೆ ಟ್ಯೂಬ್ ಹಾಕಿ ಮೆಷಿನ್‌ಗೆ ಜೋಡಿಸಬೇಕಾಗುತ್ತದೆ, ಆಮೇಲೆ ಅದೇ ಮುಂದುವರಿಯುತ್ತದೆ. ಇದು ಬದಲಾಗಬೇಕು. ತುರ್ತಿನಲ್ಲಿ ಮೆಷಿನ್‌ನಿಂದ ಶುರುವಾದರೂ ಆರೋಗ್ಯ ಸ್ಥಿರವಾದ ಮೇಲೆ "ನಮಗೆ ಹೊಟ್ಟೆ ಡಯಾಲಿಸಿಸ್ ಆಗುತ್ತದಾ?" ಎಂದು ಕೇಳುವ ಹಕ್ಕು ನಿಮಗಿದೆ. ಆ ಪ್ರಶ್ನೆಗೆ ಯಾವ ಒಳ್ಳೆಯ ಡಾಕ್ಟರೂ ಬೇಸರ ಮಾಡಿಕೊಳ್ಳುವುದಿಲ್ಲ.

ಡಯಾಲಿಸಿಸ್ ಮಾಡಿಸಿಕೊಂಡು ಬಂದ ದಿನ ಅಪ್ಪ ಮಲಗಿಯೇ ಇರುತ್ತಾರೆ. ಇದು ಸಹಜವಾ?

ಸಾಮಾನ್ಯ. ಎರಡು ಮೂರು ದಿನ ಮೈಯಲ್ಲಿ ಸೇರಿದ ನೀರನ್ನು 4 ಗಂಟೆಯಲ್ಲಿ ತೆಗೆದಾಗ ಶರೀರ ಸುಸ್ತಾಗುತ್ತದೆ. ಕೆಲವರು ಒಂದೆರಡು ಗಂಟೆಯಲ್ಲಿ ಚೇತರಿಸಿಕೊಳ್ಳುತ್ತಾರೆ, ಕೆಲವರಿಗೆ ಮರುದಿನ ಬೆಳಿಗ್ಗೆಯೇ ಆಗಬೇಕು. ಆದರೆ "ಡಯಾಲಿಸಿಸ್ ಅಂದ ಮೇಲೆ ಇದೆಲ್ಲ ಇದ್ದದ್ದೇ" ಎಂದು ಸುಮ್ಮನಿರಬೇಡಿ. ಪ್ರತಿ ಸಲ ಬಿಪಿ ಇಳಿಯುತ್ತದಾ, ಕಾಲು ಸೆಳೆಯುತ್ತದಾ, ಡ್ರೈ ವೇಟ್ (ಹೆಚ್ಚುವರಿ ನೀರು ತೆಗೆದ ಮೇಲೆ ಇರಬೇಕಾದ ತೂಕ) ಸರಿಯಾಗಿ ಇಟ್ಟಿದ್ದಾರಾ, ಹಿಮೋಗ್ಲೋಬಿನ್ ಎಷ್ಟಿದೆ ಎಂದು ಕೇಳಿ. ಹಿಮೋಗ್ಲೋಬಿನ್ ಕಡಿಮೆಯಿದ್ದರೆ ಎರಿಥ್ರೋಪೊಯಿಟಿನ್ ಇಂಜೆಕ್ಷನ್, ಕಬ್ಬಿಣಾಂಶ ಕೊಡುತ್ತಾರೆ, ಅದರಿಂದ ಎಷ್ಟೋ ಸುಸ್ತು ಕಡಿಮೆಯಾಗುತ್ತದೆ. ಎರಡು ಡಯಾಲಿಸಿಸ್ ನಡುವೆ 4 ಕಿಲೋ ತೂಕ ಏರಿಸಿಕೊಂಡು ಬಂದರೆ ಮಾತ್ರ ಯಾವ ಮೆಷಿನ್ ಇದ್ದರೂ ಆ ದಿನ ಕಷ್ಟವೇ.

ಹೊಟ್ಟೆ ಡಯಾಲಿಸಿಸ್‌ನಲ್ಲಿ ಈ ಏರಿಳಿತ ಕಡಿಮೆ, ನೀರು ದಿನವಿಡೀ ನಿಧಾನವಾಗಿ ಹೋಗುತ್ತಿರುತ್ತದೆ. ಹೃದಯ ದುರ್ಬಲವಿರುವವರಿಗೆ ಇದು ದೊಡ್ಡ ಅನುಕೂಲ. ಮೂತ್ರ ಸ್ವಲ್ಪ ಬರುತ್ತಿದ್ದರೆ ಅದೂ ಹೆಚ್ಚು ಕಾಲ ಉಳಿಯುತ್ತದೆ.

ವಾರಕ್ಕೆ ಎರಡು ಸಲ ಸಾಕಾ? ಮೂರು ಬೇಕೇ ಬೇಕಾ?

ಮೂತ್ರ ಇನ್ನೂ ಚೆನ್ನಾಗಿ ಬರುತ್ತಿರುವ ಕೆಲವರಿಗೆ ಆರಂಭದಲ್ಲಿ ಎರಡು ಸಾಕಾಗಬಹುದು. ಮೂತ್ರ ನಿಂತವರಿಗೆ ಮೂರು ಬೇಕು. ಬಸ್ಸು ಖರ್ಚು, ಜೊತೆಗೆ ಬರುವವರ ಕೂಲಿ ನೆನೆದು ಎರಡಕ್ಕೇ ನಿಲ್ಲಿಸುವವರು ಬಹಳ. ಆ ಸಂಕಟ ಅರ್ಥವಾಗುತ್ತದೆ, ಆದರೆ ಡಾಕ್ಟರಿಗೆ ಹೇಳದೆ ಕಡಿಮೆ ಮಾಡಬೇಡಿ.

ಹೊಟ್ಟೆ ಡಯಾಲಿಸಿಸ್ ಮನೆಯಲ್ಲಿ ನಾವೇ ಮಾಡಲು ಸಾಧ್ಯವಾ? ನಂಜಾಗುವುದಿಲ್ಲವಾ?

ಸಾಧ್ಯ. ಎಂಟನೇ ಕ್ಲಾಸು ಓದಿದವರೂ ಅಚ್ಚುಕಟ್ಟಾಗಿ ಮಾಡುತ್ತಾರೆ. ಬೇಕಾದದ್ದು ಓದಿಗಿಂತ ಶಿಸ್ತು.

ಒಂದು ಬದಲಾವಣೆ ಹೀಗೆ ನಡೆಯುತ್ತದೆ. ಕೋಣೆಯ ಕಿಟಕಿ, ಬಾಗಿಲು ಹಾಕಿ ಫ್ಯಾನ್ ಆಫ್ ಮಾಡಬೇಕು. ಸೆಕೆಗಾಲದಲ್ಲಿ ಬೆವರು ಇಳಿಯುತ್ತದೆ, ಆದರೂ ಫ್ಯಾನ್ ಹಾಕುವಂತಿಲ್ಲ, ಧೂಳು ಹಾರಿ ಟ್ಯೂಬಿನ ಬಾಯಿಗೆ ಬೀಳಬಾರದು. ಮೂಗು, ಬಾಯಿಗೆ ಮಾಸ್ಕ್. ಬಳೆ, ಉಂಗುರ ತೆಗೆದು ಸೋಪು ಹಾಕಿ ಬೆರಳ ಸಂದು ಬಿಡದೆ ಕೈ ತೊಳೆದು ಒಣಗಿಸಬೇಕು. ಬ್ಯಾಗ್ ಮೈಬಿಸಿಗೆ ಬಂದಿದೆಯಾ, ಸೋರುತ್ತಿದೆಯಾ, ತಾರೀಕು ಮುಗಿದಿದೆಯಾ ನೋಡಬೇಕು. ಹೊಸ ಬ್ಯಾಗನ್ನು ಗೋಡೆಯ ಕೊಕ್ಕೆಗೆ ತೂಗುಹಾಕಿ, ಖಾಲಿ ಬ್ಯಾಗನ್ನು ಕೆಳಗೆ ಇಟ್ಟು ಜೋಡಿಸಬೇಕು. ಮೊದಲು ಹಳೆಯ ದ್ರಾವಣ ಇಳಿಯುತ್ತದೆ, ಆಮೇಲೆ ಹೊಸದು ಒಳಗೆ ಹೋಗುತ್ತದೆ. ಸುಮಾರು ಅರ್ಧ ಗಂಟೆ. ಹೊರಬಂದದ್ದನ್ನು ತೂಗಿ ಪುಸ್ತಕದಲ್ಲಿ ಬರೆದಿಟ್ಟು ಶೌಚಾಲಯಕ್ಕೆ ಸುರಿಯಬೇಕು.

ಸುರಿಯುವ ಮೊದಲು ಆ ಬ್ಯಾಗಿನ ಕೆಳಗೆ ಪೇಪರ್ ಹಿಡಿಯಿರಿ. ಅಕ್ಷರ ಸ್ಪಷ್ಟವಾಗಿ ಕಂಡರೆ ಸರಿ. ದ್ರಾವಣ ಕದಡಿದ್ದರೆ, ಹೊಟ್ಟೆ ನೋವು ಅಥವಾ ಜ್ವರ ಇದ್ದರೆ ಅದು ಪೆರಿಟೋನೈಟಿಸ್, ಅಂದರೆ ಹೊಟ್ಟೆಯೊಳಗಿನ ಪೊರೆಯ ನಂಜು, ಇರಬಹುದು. ಬ್ಯಾಗನ್ನು ಚೆಲ್ಲದೆ ಜೊತೆಗೆ ತೆಗೆದುಕೊಂಡು ಅದೇ ದಿನ ಆಸ್ಪತ್ರೆಗೆ ಹೋಗಿ. ಬೇಗ ಹೋದರೆ ಹೆಚ್ಚಿನವರಿಗೆ ಆಂಟಿಬಯೋಟಿಕ್‌ನಲ್ಲಿ ವಾಸಿಯಾಗುತ್ತದೆ, ತಡ ಮಾಡಿದರೆ ಟ್ಯೂಬನ್ನೇ ತೆಗೆಯಬೇಕಾಗಬಹುದು.

ಒಂದು ಮಾತು ಮರೆಯಬೇಡಿ: ಇದಕ್ಕೆ ರಜೆ ಇಲ್ಲ. ದೀಪಾವಳಿಗೂ, ಮಗಳ ಮದುವೆ ದಿನವೂ ಬ್ಯಾಗ್ ಬದಲಿಸಲೇಬೇಕು. ಕೆಲವರಿಗೆ ಇದೇ ಬೇಸರ ತರಿಸುತ್ತದೆ, ಅಂಥವರಿಗೆ ಮೆಷಿನ್‌ನ ನಡುವಿನ ಬಿಡುವಿನ ದಿನಗಳೇ ಹಿತ.

ಮನೆ ಸಣ್ಣದು, ತೋಟದ ಒಳಗೆ ಇದೆ. ತೊಂದರೆಯಾ?

ಜಾಗ ಬೇಕು. ದಿನಕ್ಕೆ 3 ಬ್ಯಾಗ್ ಎಂದರೆ ತಿಂಗಳಿಗೆ 90 ಬ್ಯಾಗ್, ಸುಮಾರು 180 ಲೀಟರ್. ಪೆಟ್ಟಿಗೆಗಳನ್ನು ಬಿಸಿಲು ಬೀಳದ, ತೇವ ತಾಗದ, ಇಲಿ ಬರದ ಜಾಗದಲ್ಲಿ ನೆಲದಿಂದ ಎತ್ತರಿಸಿ ಇಡಬೇಕು. ಅಡಕೆ ರಾಶಿ ಹಾಕುವ ಕೋಣೆ ಬೇಡ. ಗಾಡಿ ಅಂಗಳದವರೆಗೆ ಬರುವುದಿಲ್ಲ ಎಂದಾದರೆ ಪೆಟ್ಟಿಗೆಗಳನ್ನು ರಸ್ತೆಯಿಂದ ಯಾರು ಹೊತ್ತು ತರುತ್ತಾರೆ ಎಂದು ಮೊದಲೇ ಯೋಚಿಸಿ.

ಆದರೆ ಸುಳ್ಯದ ಒಳಗಿನ ಹಳ್ಳಿಯಿಂದಲೋ ಬೈಂದೂರಿನ ಆಚೆಯಿಂದಲೋ ವಾರಕ್ಕೆ ಮೂರು ಸಲ ದೊಡ್ಡ ಆಸ್ಪತ್ರೆಗೆ ಬಸ್ಸು ಹಿಡಿಯುವವರಿಗೆ ಇದೇ ವಿಧಾನ ಹೆಚ್ಚು ಉಪಕಾರ ಮಾಡುತ್ತದೆ ಎಂಬುದು ನನ್ನ ಅಭಿಪ್ರಾಯ. ಅಲ್ಲಿ 4 ಗಂಟೆಯ ಡಯಾಲಿಸಿಸ್‌ಗೆ ಇಡೀ ದಿನ ಹೋಗುತ್ತದೆ, ಜೊತೆಗೆ ಹೋದವರದ್ದೂ.

ಫಿಸ್ಟುಲಾ ಆಪರೇಷನ್‌ಗೆ ಅಮ್ಮ ಹೆದರುತ್ತಾರೆ. ಕುತ್ತಿಗೆಯ ಟ್ಯೂಬೇ ಇರಲಿ ಅನ್ನುತ್ತಾರೆ.

ದಯವಿಟ್ಟು ಒಪ್ಪಿಸಿ. ಕುತ್ತಿಗೆಯ ಟ್ಯೂಬಿಗೆ ನಂಜಾದರೆ ಅದು ನೇರವಾಗಿ ರಕ್ತಕ್ಕೆ ಹೋಗುತ್ತದೆ, ಸ್ನಾನಕ್ಕೂ ನಿದ್ದೆಗೂ ತಾಪತ್ರಯ. ಫಿಸ್ಟುಲಾ ಎಂದರೆ ಕೈಯಲ್ಲಿ ಅಪಧಮನಿಯನ್ನು ಅಭಿಧಮನಿಗೆ ಜೋಡಿಸುವ ಸಣ್ಣ ಆಪರೇಷನ್. ರಕ್ತನಾಳ ದಪ್ಪವಾಗಿ ಸೂಜಿ ಚುಚ್ಚಲು ತಯಾರಾಗಲು 6ರಿಂದ 8 ವಾರ ಅಥವಾ ಹೆಚ್ಚು ಬೇಕು, ಆದ್ದರಿಂದ ಡಯಾಲಿಸಿಸ್ ಶುರುವಾಗುವ ಮೊದಲೇ ಮಾಡಿಸುವುದು ಜಾಣತನ. ದಿನಾ ಬೆಳಿಗ್ಗೆ ಎದ್ದ ಕೂಡಲೇ ಆ ಜಾಗದ ಮೇಲೆ ಎರಡು ಬೆರಳು ಇಟ್ಟು ನೋಡಿ. ಒಳಗೆ ಝುಂ ಎನ್ನುವ ಕಂಪನ ಸಿಗಬೇಕು. ಸಿಗದಿದ್ದರೆ ಮುಂದಿನ ಡಯಾಲಿಸಿಸ್ ದಿನಕ್ಕೆ ಕಾಯದೆ ಅಂದೇ ಫೋನ್ ಮಾಡಿ. ಆ ಕೈಯಲ್ಲಿ ಬಿಪಿ ನೋಡಲು, ರಕ್ತ ತೆಗೆಯಲು ಬಿಡಬೇಡಿ. ಬಿಗಿ ಬಳೆ, ವಾಚು, ತುಂಬಿದ ಕೊಡಪಾನ ಆ ಕೈಗೆ ಬೇಡ.

ಗಂಜಿ, ಮೀನು, ಬೊಂಡ (ಎಳನೀರು): ಯಾವುದನ್ನು ಬಿಡಬೇಕು?

ಗಂಜಿಯನ್ನು ಬಿಡಬೇಕಿಲ್ಲ, ಆದರೆ ತಿಳಿಯೂ ನೀರಿನ ಲೆಕ್ಕಕ್ಕೇ ಸೇರುತ್ತದೆ. ಮೆಷಿನ್ ಡಯಾಲಿಸಿಸ್‌ನವರು ಕುಚ್ಚಲಕ್ಕಿ ಅನ್ನದ ತಿಳಿ ಬಸಿದು ಉಣ್ಣುವುದು ಒಳ್ಳೆಯದು. ಗಂಜಿಯ ಜೊತೆಗಾರರಾದ ಉಪ್ಪಿನಕಾಯಿ, ಹಪ್ಪಳ, ಒಣಮೀನು ಮೂರೂ ಉಪ್ಪಿನ ಗಣಿ. ಉಪ್ಪು ತಿಂದರೆ ಬಾಯಾರಿಕೆ, ನೀರು ಕುಡಿದರೆ ತೂಕ. ಉಪ್ಪು ಕಡಿಮೆ ಮಾಡಲು ಹೋಗಿ "ಲೋ ಸೋಡಿಯಂ" ಉಪ್ಪು ತರಬೇಡಿ, ಅದರಲ್ಲಿ ಪೊಟ್ಯಾಷಿಯಂ ಇರುತ್ತದೆ.

ತಾಜಾ ಮೀನು ತಿನ್ನಿ. ಡಯಾಲಿಸಿಸ್ ಶುರುವಾದ ಮೇಲೂ ಹಳೆಯ ಪಥ್ಯವನ್ನೇ ಹಿಡಿದುಕೊಂಡು ಮೀನು, ಮೊಟ್ಟೆ, ಬೇಳೆ ಎಲ್ಲ ಬಿಟ್ಟು ಸೊರಗುವವರನ್ನು ಕಂಡಾಗ ಬೇಸರವಾಗುತ್ತದೆ. ಡಯಾಲಿಸಿಸ್‌ಗೆ ಮೊದಲು ಪ್ರೊಟೀನ್ ಕಡಿಮೆ, ಶುರುವಾದ ಮೇಲೆ ಹೆಚ್ಚು. ದಿನಕ್ಕೆ ತೂಕದ ಪ್ರತಿ ಕಿಲೋಗೆ 1ರಿಂದ 1.2 ಗ್ರಾಂ ಬೇಕಾಗುತ್ತದೆ. ಹೊಟ್ಟೆ ಡಯಾಲಿಸಿಸ್‌ನಲ್ಲಂತೂ ದ್ರಾವಣದ ಜೊತೆ ದಿನವೂ ಪ್ರೊಟೀನ್ ಹೊರಗೆ ಹೋಗುತ್ತದೆ. ಒಂದು ಬಂಗುಡೆ, ಎರಡು ಮೊಟ್ಟೆಯ ಬಿಳಿಭಾಗ ಭಯಪಡುವಂಥದ್ದಲ್ಲ. ಮುಳ್ಳು ಸಮೇತ ತಿನ್ನುವ ಸಣ್ಣ ಮೀನಿನಲ್ಲಿ ಮಾತ್ರ ರಂಜಕ (ಫಾಸ್ಫರಸ್) ಹೆಚ್ಚು. ರಂಜಕ ಕಡಿಮೆ ಮಾಡುವ ಮಾತ್ರೆ ಕೊಟ್ಟಿದ್ದರೆ ಅದನ್ನು ಊಟದ ಜೊತೆಗೇ ನುಂಗಬೇಕು, ಎರಡು ಗಂಟೆ ಕಳೆದು ನುಂಗಿದರೆ ಪ್ರಯೋಜನವಿಲ್ಲ.

ಬೊಂಡ, ಹಲಸು, ಬಾಳೆಹಣ್ಣು, ಹರಿವೆ ಇವುಗಳಲ್ಲಿ ಪೊಟ್ಯಾಷಿಯಂ ಜಾಸ್ತಿ. ಮೆಷಿನ್ ಡಯಾಲಿಸಿಸ್‌ನವರಿಗೆ ಅದು ಏರಿದರೆ ಹೃದಯದ ಬಡಿತವೇ ತಪ್ಪಬಹುದು. ತರಕಾರಿಯನ್ನು ಸಣ್ಣಗೆ ಹೆಚ್ಚಿ, ಹೆಚ್ಚು ನೀರಿನಲ್ಲಿ ಬೇಯಿಸಿ, ಆ ನೀರು ಚೆಲ್ಲಿ ಪಲ್ಯ ಮಾಡಿದರೆ ಸ್ವಲ್ಪ ಕಡಿಮೆಯಾಗುತ್ತದೆ. ಹೊಟ್ಟೆ ಡಯಾಲಿಸಿಸ್‌ನವರಿಗೆ ಇಲ್ಲಿ ಹೆಚ್ಚು ಸಡಿಲ, ಕೆಲವರಿಗೆ ಪೊಟ್ಯಾಷಿಯಂ ಕಡಿಮೆಯಾಗಿ ಹಣ್ಣು ತಿನ್ನಿ ಎಂದು ಹೇಳಬೇಕಾಗುವುದೂ ಉಂಟು. ಅವರ ತೊಂದರೆ ಬೇರೆ: ದ್ರಾವಣದಲ್ಲಿ ಸಕ್ಕರೆ ಇರುವುದರಿಂದ ತೂಕ ಬರುತ್ತದೆ, ಶುಗರ್ ಏರುತ್ತದೆ.

ದಾರೆಹುಳಿಯನ್ನು, ಅಡ್ಡ ಕತ್ತರಿಸಿದರೆ ನಕ್ಷತ್ರದಂತೆ ಕಾಣುವ ಆ ಹಣ್ಣನ್ನು, ಯಾವ ವಿಧದ ಡಯಾಲಿಸಿಸ್‌ನವರೂ ಮುಟ್ಟಬೇಡಿ. ಕಿಡ್ನಿ ಕೆಲಸ ಮಾಡದವರಲ್ಲಿ ಅದರ ವಿಷಾಂಶ ಮೆದುಳಿಗೆ ಏರಿ ನಿಲ್ಲದ ಬಿಕ್ಕಳಿಕೆ, ಗೊಂದಲ, ಅಪಸ್ಮಾರ, ಸಾವಿನವರೆಗೂ ಹೋಗಿದೆ. ಉಪ್ಪಿನಕಾಯಿ, ಜ್ಯೂಸ್ ಯಾವ ರೂಪದಲ್ಲೂ ಬೇಡ. ಬಿಂಬುಳಿ ಜ್ಯೂಸೂ ಹಾಗೆಯೇ, ಅದರ ಆಕ್ಸಲೇಟ್ ಆರೋಗ್ಯವಂತರ ಕಿಡ್ನಿಯನ್ನೂ ಕೆಡಿಸಿದ್ದಿದೆ.

ಈ ಸೆಕೆಯಲ್ಲಿ ನೀರು ಕುಡಿಯದೆ ಹೇಗೆ ಇರುವುದು?

ಕಷ್ಟ, ನಿಜ. ಮೆಷಿನ್ ಡಯಾಲಿಸಿಸ್‌ನವರಿಗೆ ಸಾಮಾನ್ಯವಾಗಿ ಹೇಳುವ ಲೆಕ್ಕ, ಹಿಂದಿನ ದಿನದ ಮೂತ್ರದಷ್ಟು ಮತ್ತು ಅದರ ಮೇಲೆ ಅರ್ಧ ಲೀಟರ್. ಬೆಳಿಗ್ಗೆಯೇ ಅಷ್ಟನ್ನು ಒಂದು ಬಾಟಲಿಯಲ್ಲಿ ತುಂಬಿಟ್ಟು, ಚಾ, ಮಜ್ಜಿಗೆ, ಪುನರ್ಪುಳಿ ಶರಬತ್ತು ಏನು ಕುಡಿದರೂ ಅದರಿಂದ ಅಷ್ಟು ನೀರು ಚೆಲ್ಲುತ್ತಾ ಬನ್ನಿ. ಸಣ್ಣ ಲೋಟ, ಬಾಯಿ ಮುಕ್ಕಳಿಸುವುದು, ಒಂದು ಐಸ್ ತುಂಡು ಇವೆಲ್ಲ ಸಹಾಯ ಮಾಡುತ್ತವೆ. ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವುದು ಉಪ್ಪು ಇಳಿಸುವುದು.

ಕೆಲಸಕ್ಕೆ ಹೋಗಬಹುದಾ?

ಹೋಗಬೇಕು, ಆಗುವಷ್ಟು. ಬ್ಯಾಂಕು, ಶಾಲೆ, ಅಂಗಡಿ ಕೆಲಸದವರು ಮೆಷಿನ್‌ನ ಬೆಳಗಿನ ಅಥವಾ ಸಂಜೆಯ ಶಿಫ್ಟ್ ಕೇಳಿ ನೋಡಿ. ರಾತ್ರಿಯ ಎಪಿಡಿಯಾದರೆ ಹಗಲು ಬಹುಪಾಲು ನಿಮ್ಮದೇ. ಮನೆಯಲ್ಲಿ ಬೀಡಿ ಕಟ್ಟುವವರಿಗೆ, ಹೊಲಿಗೆ ಮಾಡುವವರಿಗೆ ಸಿಎಪಿಡಿ ಹೊಂದುತ್ತದೆ. ಬೋಟಿನಲ್ಲಿ ದಿನಗಟ್ಟಲೆ ಕಡಲಲ್ಲಿರುವವರಿಗೆ ಹೊಂದುವುದಿಲ್ಲ, ಅಲ್ಲಿ ಶುಚಿತ್ವ ಕಾಪಾಡಲಾಗದು. ಅಡಕೆ ಮರ ಹತ್ತುವುದು, ಗೊಬ್ಬರದ ಮೂಟೆ ಹೊರುವುದು ಹೊಟ್ಟೆಯಲ್ಲಿ ದ್ರಾವಣ ಇಟ್ಟುಕೊಂಡು ಆಗದು, ಹರ್ನಿಯಾ ಆಗುವ ಸಂಭವ ಇದೆ.

ತುರಿಕೆ, ನಿದ್ದೆ ಇಲ್ಲ, ಯಾರ ಜೊತೆಯೂ ಮಾತು ಬೇಡ ಅನ್ನುತ್ತಾರೆ. ಇದಕ್ಕೂ ಔಷಧಿ ಇದೆಯಾ?

ಇದೆ. ಆದರೆ ಹೇಳಿಕೊಳ್ಳುವವರೇ ಇಲ್ಲ. ರೌಂಡ್ಸಿನಲ್ಲಿ ಡಾಕ್ಟರು "ಹೇಗಿದ್ದೀರಿ?" ಎಂದಾಗ "ಪರ್ವಾಗಿಲ್ಲ" ಎಂದು ಬಿಡುತ್ತಾರೆ. ತುರಿಕೆಗೆ, ರಾತ್ರಿ ಕಾಲು ಚಡಪಡಿಸುವುದಕ್ಕೆ, ನಿದ್ರಾಹೀನತೆಗೆ ಬೇರೆ ಬೇರೆ ಚಿಕಿತ್ಸೆ ಇದೆ. ಖಿನ್ನತೆ ಡಯಾಲಿಸಿಸ್‌ನವರಲ್ಲಿ ಬಹಳ ಸಾಮಾನ್ಯ. ಅದು ಧೈರ್ಯ ಸಾಲದೆ ಬರುವಂಥದ್ದಲ್ಲ, ಕೌನ್ಸೆಲಿಂಗ್‌ನಿಂದಲೂ ಔಷಧಿಯಿಂದಲೂ ಗುಣ ಕಾಣುತ್ತದೆ. ಗಂಡ ಹೆಂಡತಿಯ ನಡುವಿನ ದೈಹಿಕ ಸಂಬಂಧದಲ್ಲಿ ತೊಂದರೆಯಾದರೂ ಡಾಕ್ಟರಲ್ಲಿ ಕೇಳಲು ನಾಚಿಕೆ ಬೇಡ. ಹೊಟ್ಟೆಯ ಟ್ಯೂಬು ಕಂಡರೆ ಅಸಹ್ಯ ಅನಿಸೀತು ಎಂದು ದೂರ ಮಲಗುವವರಿದ್ದಾರೆ. ಬೆಲ್ಟ್ ಕಟ್ಟಿಕೊಂಡರೆ ಅದು ಅಡ್ಡಿಯಾಗುವುದಿಲ್ಲ.

ನೋಡಿಕೊಳ್ಳುವವರ ಪಾಡೇನು?

ಯಾರೂ ಕೇಳುವುದಿಲ್ಲ. ಸಾಧಾರಣವಾಗಿ ಅದು ಹೆಂಡತಿ ಅಥವಾ ಸೊಸೆ. ಹೊಟ್ಟೆ ಡಯಾಲಿಸಿಸ್ ಆರಿಸುವಾಗ "ಇವಳು ಮಾಡುತ್ತಾಳೆ" ಎಂದು ಮನೆಯ ಗಂಡಸರೇ ತೀರ್ಮಾನಿಸುವುದು ಸರಿಯಲ್ಲ. ಇಬ್ಬರು ಕಲಿಯಿರಿ, ರೋಗಿಗೆ ಕೈಯಾಡುತ್ತಿದ್ದರೆ ಅವರೇ ಮಾಡಿಕೊಳ್ಳಲಿ. ಒಬ್ಬರ ಮೇಲೇ ಬಿದ್ದರೆ ವರ್ಷ ಕಳೆಯುವಷ್ಟರಲ್ಲಿ ಅವರೂ ಬಸವಳಿಯುತ್ತಾರೆ.

ಖರ್ಚಿಗೆ ಸಹಾಯ ಎಲ್ಲಿ ಸಿಗುತ್ತದೆ?

ಮಂಗಳೂರಿನ ವೆನ್ಲಾಕ್, ಉಡುಪಿಯ ಅಜ್ಜರಕಾಡು ಜಿಲ್ಲಾ ಆಸ್ಪತ್ರೆ ಮತ್ತು ಹಲವು ತಾಲೂಕು ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಘಟಕಗಳಿವೆ. ಕೇಂದ್ರದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ 2016ರಲ್ಲಿ ಬಂತು, 2019ರಲ್ಲಿ ಪೆರಿಟೋನಿಯಲ್ ಡಯಾಲಿಸಿಸ್‌ಗೂ ಮಾರ್ಗಸೂಚಿ ಬಂತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಆಸ್ಪತ್ರೆಯಲ್ಲಿ ಅದರ ಸಹಾಯಕ್ಕಿರುವ ಆರೋಗ್ಯಮಿತ್ರರನ್ನು ಕೇಳಿ. ಹೊಟ್ಟೆ ಡಯಾಲಿಸಿಸ್‌ನ ಬ್ಯಾಗ್‌ಗಳು ತಿಂಗಳು ತಿಂಗಳು ಯಾವ ಯೋಜನೆಯಲ್ಲಿ, ಎಲ್ಲಿಂದ ಸಿಗುತ್ತವೆ ಎಂಬುದನ್ನು ಟ್ಯೂಬ್ ಹಾಕಿಸುವ ಮೊದಲೇ ಖಚಿತಪಡಿಸಿಕೊಳ್ಳಿ. ಕೈಯಿಂದ ಖರ್ಚು ಮಾಡುವವರು ಆದಾಯ ತೆರಿಗೆಯಲ್ಲಿ ಇಂಥ ಚಿಕಿತ್ಸೆಯ ಖರ್ಚಿಗೆ ವಿನಾಯಿತಿ ಸಿಗುತ್ತದಾ ವಿಚಾರಿಸಿ.

ಒಮ್ಮೆ ಶುರು ಮಾಡಿದರೆ ಸಾಯುವ ತನಕ ನಿಲ್ಲಿಸುವ ಹಾಗಿಲ್ಲವಂತೆ?

ಇಲಿಜ್ವರ, ಹಾವಿನ ಕಡಿತದಿಂದ ಕಿಡ್ನಿ ಹಠಾತ್ ನಿಂತವರಿಗೆ ಕೆಲವು ದಿನ ಅಥವಾ ವಾರ ಡಯಾಲಿಸಿಸ್ ಮಾಡಿದರೆ ಬಹುಪಾಲು ಕಿಡ್ನಿ ಮರಳುತ್ತದೆ. ಮಳೆಗಾಲದಲ್ಲಿ ಕರಾವಳಿಯಲ್ಲಿ ಇಂಥವರು ಕಡಿಮೆಯಲ್ಲ, ಅವರಿಗೆ ಈ ಮಾತು ಹೇಳಿ ಹೆದರಿಸುವುದು ಜೀವಕ್ಕೇ ಅಪಾಯ. ಶುಗರ್, ಬಿಪಿಯಿಂದ ವರ್ಷಗಟ್ಟಲೆ ಹಾಳಾದ ಕಿಡ್ನಿ ಮಾತ್ರ ಮರಳುವುದಿಲ್ಲ, ಅಲ್ಲಿ ಡಯಾಲಿಸಿಸ್ ಅಥವಾ ಕಸಿ ಬೇಕು.

ಅಜ್ಜಿಗೆ 84. ಮಾಡಿಸಲೇಬೇಕಾ?

ಹೃದಯ ದುರ್ಬಲ, ಮರೆವು, ಹಾಸಿಗೆ ಹಿಡಿದ ಸ್ಥಿತಿ ಇದ್ದರೆ ಡಯಾಲಿಸಿಸ್‌ನಿಂದ ಸಿಗುವ ದಿನಗಳಲ್ಲಿ ಬಹಳಷ್ಟು ಆಸ್ಪತ್ರೆಯಲ್ಲೇ ಕಳೆಯಬಹುದು. ಡಯಾಲಿಸಿಸ್ ಮಾಡದೆ ಉಸಿರಾಟ, ವಾಂತಿ, ತುರಿಕೆ, ನೋವಿಗೆ ಔಷಧಿ ಕೊಟ್ಟು ಮನೆಯಲ್ಲೇ ನೋಡಿಕೊಳ್ಳುವುದೂ ಒಂದು ಚಿಕಿತ್ಸೆ. ಕೈಬಿಟ್ಟಂತೆ ಅಲ್ಲ. ಅಜ್ಜಿಗೆ ತಿಳಿವಳಿಕೆ ಇದ್ದರೆ ಮೊದಲು ಅವರನ್ನೇ ಕೇಳಿ.

ಕಿಡ್ನಿ ಕಸಿ?

ದೇಹಸ್ಥಿತಿ ಒಪ್ಪಿದರೆ, ಜೀವನದ ಗುಣಮಟ್ಟದಲ್ಲಿ ಎರಡೂ ಡಯಾಲಿಸಿಸ್‌ಗಿಂತ ಅದೇ ಮೇಲು. ಮನೆಯಲ್ಲಿ ಹೊಂದುವ ದಾನಿ ಇಲ್ಲದಿದ್ದರೆ ಆಸ್ಪತ್ರೆಯ ಮೂಲಕ ರಾಜ್ಯದ ಅಂಗಾಂಗ ದಾನ ಸಂಸ್ಥೆಯಾದ ಜೀವಸಾರ್ಥಕತೆಯಲ್ಲಿ ಹೆಸರು ನೋಂದಾಯಿಸಿ. ಸಾಲು ಉದ್ದವಿದೆ, ಬೇಗ ನೋಂದಾಯಿಸಿ.

ಮುಂಬಯಿಯಲ್ಲಿ ಮದುವೆ. ಹೋಗಬಹುದಾ?

ಮೆಷಿನ್‌ನವರು ಅಲ್ಲಿನ ಕೇಂದ್ರದಲ್ಲಿ ಮೊದಲೇ ಸ್ಲಾಟ್ ಹಿಡಿಯಬೇಕು. ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ರಿಪೋರ್ಟು, ಡ್ರೈ ವೇಟ್ ಬರೆದ ಚೀಟಿ ಕೇಳುತ್ತಾರೆ. ಸಿಎಪಿಡಿಯವರು ಬ್ಯಾಗ್ ಜೊತೆಗೆ ಒಯ್ಯಬಹುದು, ಹೆಚ್ಚು ದಿನ ಇರುವುದಾದರೆ ಕಂಪೆನಿಯವರಲ್ಲಿ ಅಲ್ಲಿಗೇ ತಲುಪಿಸಲು ಹೇಳಿ ನೋಡಿ. ಡಯಾಲಿಸಿಸ್‌ಗಾಗಿಯೇ ರೈಲಿನಲ್ಲಿ ಓಡಾಡುವ ಕಿಡ್ನಿ ರೋಗಿಗೂ ಜೊತೆಗಿರುವ ಒಬ್ಬರಿಗೂ ಟಿಕೆಟಿನಲ್ಲಿ ರಿಯಾಯಿತಿ ಇದೆ.

ಮಳೆಗಾಲಕ್ಕೆ ಏನು ತಯಾರಿ ಬೇಕು?

ಮೆಷಿನ್‌ನವರು ರಸ್ತೆ ಬಂದ್ ಆದರೆ ಹೋಗಬಹುದಾದ ಇನ್ನೊಂದು ಕೇಂದ್ರ ಯಾವುದೆಂದು ಮೇ ತಿಂಗಳಲ್ಲೇ ವಿಚಾರಿಸಿಡಿ, ಫೈಲಿನ ಜೆರಾಕ್ಸ್ ಪ್ಲಾಸ್ಟಿಕ್ ಚೀಲದಲ್ಲಿ ಇರಲಿ. ಒಂದು ಡಯಾಲಿಸಿಸ್ ತಪ್ಪಿದರೆ ಆ ದಿನವೇ ನೀರು, ಉಪ್ಪು, ಹಣ್ಣು ಇನ್ನೂ ಕಡಿಮೆ ಮಾಡಿ. ಉಸಿರು ಕಟ್ಟಿದರೆ ಅಥವಾ ಕೈಕಾಲು ಸೋತರೆ ಹತ್ತಿರದ ಯಾವುದೇ ಆಸ್ಪತ್ರೆಗೆ ಓಡಿ.

ಹೊಟ್ಟೆ ಡಯಾಲಿಸಿಸ್‌ನವರು ಒಂದೆರಡು ವಾರದ ಬ್ಯಾಗ್ ಹೆಚ್ಚಿಗೆ ತರಿಸಿಡಿ. ಕೈಯಲ್ಲಿ ಬದಲಿಸುವುದಕ್ಕೆ ಕರೆಂಟು ಬೇಡ, ಟಾರ್ಚ್ ಸಾಕು. ಸೈಕ್ಲರ್, ಅಂದರೆ ಎಪಿಡಿಯ ಸಣ್ಣ ಮೆಷಿನ್, ಬಳಸುವವರು ಕೈಯಲ್ಲಿ ಬದಲಿಸುವುದನ್ನೂ ಕಲಿತು, ಅದರ ಬ್ಯಾಗ್ ಕೆಲವು ದಿನಕ್ಕಾಗುವಷ್ಟು ಪ್ರತ್ಯೇಕ ಇಟ್ಟಿರಲಿ. ಕೆರೆ, ತೋಡು, ಕಡಲಿನ ಸ್ನಾನ ಬೇಡವೇ ಬೇಡ. ಜೂನ್, ಜುಲೈಯಲ್ಲಿ ಬಟ್ಟೆ ಒಣಗುವುದಿಲ್ಲ, ಟ್ಯೂಬ್ ಹಿಡಿದಿಡುವ ಬೆಲ್ಟ್ ಅರೆಬರೆ ಒಣಗಿದ್ದನ್ನೇ ಕಟ್ಟಿಕೊಂಡರೆ ಟ್ಯೂಬ್ ಹೊರಬರುವ ಜಾಗ ಕೆಂಪಾಗಿ ಕೀವು ಕಟ್ಟಬಹುದು. ಮೂರು ನಾಲ್ಕು ಬೆಲ್ಟ್ ಹೊಲಿಸಿಡಿ, ಇಸ್ತ್ರಿ ಹಾಕಿ ಪೂರ್ತಿ ಒಣಗಿಸಿ, ಆರಿದ ಮೇಲೆ ಕಟ್ಟಿಕೊಳ್ಳಿ.